‘ಅನುಭವಾತ್ಮಕ ಕಲಿಕೆ’: ಇಲ್ಲಿ ‘ಅನುಭವ’ ಎಂದರೆ ಯಾವುದು?

ಮಾನ್ಯರೇ,

ಕಾರ್ಖಾನೆಯ ಕೆಲಸಗಾರರಿಗೆ ಬೆಂಕಿ ಸುರಕ್ಷತೆಯನ್ನು ಕಲಿಸುವ ತರಬೇತುದಾರರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ‘ಎಕ್ಸ್‌ಪೀರಿಯೆನ್ಶಿಯಲ್ ಲರ್ನಿಂಗ್’ ಎಂಬುದಕ್ಕೆ, ಅಂದರೆ ತಾವೇ ಮಾಡಿ, ನಡೆದುದನ್ನು ಯೋಚಿಸಿ ಕಲಿಯುವ ವಿಧಾನಕ್ಕೆ, ರೂಢಿಯಂತೆ ‘ಅನುಭವಾತ್ಮಕ ಕಲಿಕೆ’ ಎಂದು ಬರೆದು, ಕರಡನ್ನು ಇಬ್ಬರು ಸೂಪರ್‌ವೈಸರುಗಳಿಗೆ ತೋರಿಸಿದೆ. ಇದು ಅನುಭವಸ್ಥರಿಗೆ ಮಾತ್ರ ನಡೆಸುವ ತರಬೇತಿಯೆಂದು ಒಬ್ಬರು ತಿಳಿದರೆ, ಹಿರಿಯ ಕೆಲಸಗಾರರು ತಮ್ಮ ಅನುಭವ ಹೇಳಿಕೊಳ್ಳುವ ಕಾರ್ಯಕ್ರಮವೆಂದು ಇನ್ನೊಬ್ಬರು ತಿಳಿದರು.

ತಪ್ಪು ಅವರದಲ್ಲ. ಕೆಲಸದ ಜಾಗದಲ್ಲಿ ‘ಅನುಭವ’ ಎಂದರೆ ಮೊದಲು ನೆನಪಾಗುವುದು ಸೇವೆಯ ವರ್ಷಗಳ ಲೆಕ್ಕ. ಜಮೀನಿನ ಪತ್ರಗಳ ‘ಸ್ವಾಧೀನಾನುಭವ’ದಲ್ಲಿ ಅದಕ್ಕೆ ಉಪಭೋಗವೆಂಬ ಅರ್ಥವಿದೆ, ‘ಅನುಭವಿಸಿದ್ದು ಸಾಕು’ ಎನ್ನುವಾಗ ಅದು ಕಷ್ಟವೇ. ‘ಅನುಭಾವ’ವನ್ನಂತೂ ವಚನಕಾರರಿಗೇ ಬಿಟ್ಟುಬಿಡೋಣ. ಈಗ, ಈ ಕೋಣೆಯಲ್ಲಿ, ಕಲಿಕೆಗೆಂದೇ ಉಂಟುಮಾಡಿದ ಅನುಭವ ಎಂಬ ಅರ್ಥ ಮಾತ್ರ ಈ ಯಾವ ಬಳಕೆಯಲ್ಲಿಯೂ ಇಲ್ಲ.

ನನಗೆ ಬೇಕಿರುವುದು ಅದೇ ಅರ್ಥ. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಕೋಲ್ಬ್ ಅವರು 1984ರಲ್ಲಿ ವಿವರಿಸಿದ ಕಲಿಕೆಯ ಚಕ್ರದಲ್ಲಿ 4 ಹಂತಗಳಿವೆ: ಒಂದು ಅನುಭವಕ್ಕೆ ಒಳಗಾಗುವುದು, ನಡೆದುದನ್ನು ತಿರುಗಿ ನೋಡುವುದು, ಅದರಿಂದ ಒಂದು ತಿಳಿವಳಿಕೆಗೆ ಬರುವುದು, ಆ ತಿಳಿವಳಿಕೆಯನ್ನು ಮತ್ತೆ ಪ್ರಯೋಗಿಸುವುದು. ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು ಎಳೆದು, ಮೂತಿಯನ್ನು ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿಯನ್ನು ಒತ್ತಿ, ಅತ್ತಿತ್ತ ಆಡಿಸಬೇಕೆಂದು ಎಷ್ಟು ಸಲ ಹೇಳಿದರೂ, ಮೊದಲ ಸಲ ಕೈಗೆ ತೆಗೆದುಕೊಂಡವರು ಕಣ್ಣಿಗೆ ಕಾಣುವ ಜ್ವಾಲೆಯ ತುದಿಗೇ ಪುಡಿ ಹಾರಿಸುವುದುಂಟು. ಬೆಂಕಿ ಆರಲಿಲ್ಲವೇಕೆ ಎಂದು ಆಮೇಲೆ ಅವರೇ ಕೂತು ಮಾತಾಡಿಕೊಂಡಾಗ ‘ಬುಡ’ ಎಂಬ ಮಾತು ತಲೆಯಲ್ಲಿ ಉಳಿಯುತ್ತದೆ. ಹಾಗಾಗಿ ಎರಡನೆಯ ಹಂತವನ್ನು ಕೈಬಿಡುವ ಯಾವ ಪದವೂ ನನಗೆ ಒಗ್ಗುವುದಿಲ್ಲ. ‘ಪ್ರಾಯೋಗಿಕ ತರಬೇತಿ’ಯ ತೊಡಕು ಇದೇ. ‘ಚಟುವಟಿಕೆ ಆಧಾರಿತ ಕಲಿಕೆ’ ಎಂದರೆ ನಲಿ-ಕಲಿ ತರಗತಿಯ ಮಕ್ಕಳು ಕಣ್ಣಮುಂದೆ ಬರುತ್ತಾರೆ. ಐವತ್ತು ದಾಟಿದ ಫಿಟ್ಟರ್ ಒಬ್ಬರನ್ನು ಆ ಹೆಸರಿನಿಂದ ಕರೆದು ಕೂರಿಸುವುದು ಕಷ್ಟ. ‘ವಯಸ್ಕ ಕಲಿಕಾರ್ಥಿ’ಯೂ ಹಾಗೆಯೇ, ಅದಕ್ಕೆ ಸಾಕ್ಷರತಾ ಆಂದೋಲನದ ರಾತ್ರಿಶಾಲೆಯ ನೆನಪು ಅಂಟಿದೆ.

ಸದ್ಯಕ್ಕೆ ನಾನು ‘ಮಾಡಿನೋಡುವ ಕಲಿಕೆ’ ಎಂದು ಬರೆದಿದ್ದೇನೆ. ಮಾಡುವುದೂ ನೋಡುವುದೂ ಒಂದೇ ಪದದಲ್ಲಿ ಸಿಕ್ಕವೆಂದು ಹಿಗ್ಗಿದ್ದೆ. ಆದರೆ ‘ತಿಂದು ನೋಡು’, ‘ಕೇಳಿ ನೋಡು’ ಎನ್ನುವಲ್ಲಿ ‘ನೋಡು’ ಕಣ್ಣಿನ ಕೆಲಸವನ್ನು ಬಿಟ್ಟು ಪ್ರಯತ್ನವನ್ನಷ್ಟೇ ಸೂಚಿಸುವ ಸಹಾಯಕ ಕ್ರಿಯಾಪದವಾಗಿದೆ. ‘ಮಾಡಿನೋಡುವ’ ಎಂದು ಓದಿದವರಿಗೆ ‘ಮಾಡಿ, ಆಮೇಲೆ ತಿರುಗಿ ನೋಡುವ’ ಎಂಬ ಅರ್ಥ ಹೊಳೆಯುತ್ತದೆಯೇ, ಅಥವಾ ಬರೀ ‘ಪ್ರಯತ್ನಿಸುವ’ ಎಂದಷ್ಟೇ ಕೇಳಿಸುತ್ತದೆಯೇ?

ಇದರೊಂದಿಗೆ, ಚಟುವಟಿಕೆ ಮುಗಿದ ಮೇಲಿನ ಆ ಮಾತುಕತೆಗೂ ಒಂದು ಹೆಸರು ಬೇಕಾಗಿದೆ. ‘ಅವಲೋಕನ’ ಎಂದರೆ ಮೇಲಧಿಕಾರಿಯ ಪರಿಶೀಲನಾ ಸಭೆಯ ಅಂಜಿಕೆ. ‘ಮೆಲುಕು’ ಹಳೆಯ ಸವಿನೆನಪುಗಳಿಗೆ ಸಂದುಹೋಗಿದೆ. ಕಮ್ಮಟ, ರಂಗತಾಲೀಮುಗಳನ್ನು ನಡೆಸಿದವರು ಇದನ್ನು ಏನೆಂದು ಕರೆಯುತ್ತೀರಿ? ನಿಘಂಟಿನ ಪದಕ್ಕಿಂತ, ಅಲ್ಲಿ ಬಾಯಿಮಾತಿನಲ್ಲಿ ನಡೆಯುವ ಪದವನ್ನು ತಿಳಿಸಿದರೆ ಉಪಕಾರವಾಗುತ್ತದೆ.