ವೈಫೈ ಹೊತ್ತಿದೊಡನೆ ಕುಂಡದ ತೇವಾಂಶ ಕಾಣೆ

ತಾರಸಿತೋಟ:
ಬನಶಂಕರಿಯ ನಮ್ಮ ಮನೆಯ ತಾರಸಿಯಲ್ಲಿ ಹದಿನಾಲ್ಕು ಕುಂಡಗಳಿವೆ: ಟೊಮೆಟೊ, ಮೆಣಸಿನಕಾಯಿ, ಒಂದು ಹಟಮಾರಿ ಮಲ್ಲಿಗೆ. ಅಮ್ಮ ಊರಿಗೆ ಹೋದಾಗ ನೀರುಣಿಸುವ ಹೊಣೆ ನನ್ನದು, ನಾನೋ ಮರೆಗುಳಿ. ಅದಕ್ಕೆಂದೇ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಿಂದ ಇಎಸ್‌ಪಿ32 ಬೋರ್ಡನ್ನೂ (ವೈಫೈ ಇರುವ ಪುಟ್ಟ ಕಂಪ್ಯೂಟರ್) ಮಣ್ಣಿನ ತೇವ ಅಳೆಯುವ ಸೆನ್ಸರನ್ನೂ ತಂದೆ. ಸೆನ್ಸರ್ ತಂತಿ 26ನೇ ಪಿನ್ನಿಗೆ. ಮೇಜಿನ ಮೇಲಿದ್ದಾಗ ಒದ್ದೆ ಯಾವುದು, ಒಣ ಯಾವುದು ಎಂದು ಸರಿಯಾಗಿಯೇ ಹೇಳಿತು. ವೈಫೈ ಸೇರಿಸಿದ ಮೇಲೆ ಕುಂಡದಲ್ಲಿ ನೀರು ನಿಂತಿದ್ದರೂ ಅರ್ಥವಿಲ್ಲದ ಅಂಕಿ ಬರುತ್ತದೆ. ಸೆನ್ಸರ್ ಬದಲಿಸಿದರೂ ಅದೇ ಕಥೆ. ಗಂಟೆಗೊಮ್ಮೆ ಎದ್ದು ಮಲಗುವಂತೆ ಪ್ರೋಗ್ರಾಂ ಬರೆದಿದ್ದೇನೆ, ಆದರೂ 18650 ಬ್ಯಾಟರಿ ನಾಲ್ಕೇ ದಿನಕ್ಕೆ ಕೈಕೊಟ್ಟಿತು. ಇದರ ಬದಲು ಆರ್ಡುಯಿನೊ ಯುನೊ ಬೋರ್ಡ್ ಕೊಳ್ಳಬೇಕಿತ್ತೇ?

ಬೆಸುಗೆಕಡ್ಡಿ:
ಬೇಡ. ಯುನೊ ಆರ್3ರಲ್ಲಿ ವೈಫೈ ಇಲ್ಲ, ರ‍್ಯಾಮ್ ಬರೀ 2 ಕೆಬಿ. ನಿಮ್ಮ ಕೈಯಲ್ಲಿರುವುದರಲ್ಲಿ 520 ಕೆಬಿ ಇದೆ. ಸೆನ್ಸರನ್ನೂ ಬೈಯಬೇಡಿ. ಈ ಚಿಪ್ಪಿನೊಳಗೆ ಎಡಿಸಿ, ಅಂದರೆ ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಭಾಗ, ಎರಡಿವೆ. ಎರಡನೆಯದನ್ನು ವೈಫೈ ತನಗೇ ಇಟ್ಟುಕೊಳ್ಳುತ್ತದೆ, 26ನೇ ಪಿನ್ ಅದರ ಪಾಲಿನದು. ತಂತಿಯನ್ನು ಮೊದಲನೆಯದರ ಪಾಲಿನ 34ಕ್ಕೆ ಸರಿಸಿ. ಆ ಪಿನ್ ಒಳಬರುವ ಸಂಕೇತಕ್ಕೆ ಮಾತ್ರ, ಹೊರಗೇನೂ ಕಳುಹಿಸಲಾರದು. ನಿಮಗೆ ಅಷ್ಟೇ ಸಾಕು. ಮುಂದೆ ಪಂಪ್ ಜೋಡಿಸುವುದಾದರೆ 12ನೇ ಪಿನ್ನಿನ ತಂಟೆಗೆ ಹೋಗಬೇಡಿ. ಬೋರ್ಡ್ ಏಳುವ ಹೊತ್ತಿನಲ್ಲಿ ಅದರ ವೋಲ್ಟೇಜ್ ಮೇಲ್ಮಟ್ಟದಲ್ಲಿದ್ದರೆ ಫ್ಲ್ಯಾಶ್ ಮೆಮೊರಿಗೆ ತಪ್ಪು ವೋಲ್ಟೇಜ್ ಹೋಗುತ್ತದೆ. ಅಲ್ಲಿಗೆ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಸಿಕ್ಕಿಸಿ, ಬೋರ್ಡ್ ಸತ್ತಿತೆಂದು ನಾನು ಒಂದು ಇಡೀ ಭಾನುವಾರ ಶೋಕ ಆಚರಿಸಿದ್ದೇನೆ.

ಹಳೆಯರೇಡಿಯೊ:
ಬ್ಯಾಟರಿಯನ್ನು 5 ವೋಲ್ಟ್ ಪಿನ್ನಿಗೆ ಕೊಟ್ಟಿದ್ದೀರಾ? ಬೋರ್ಡಿನಲ್ಲಿ ವೋಲ್ಟೇಜನ್ನು 3.3ಕ್ಕೆ ಇಳಿಸುವ ರೆಗ್ಯುಲೇಟರ್ ಮೇಲೆ 1117 ಎಂದು ಬರೆದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಚಿಪ್ ಗಾಢ ನಿದ್ರೆಯಲ್ಲಿ ಸುಮಾರು 10 ಮೈಕ್ರೋಆಂಪಿಯರ್‌ನಲ್ಲಿ ಬದುಕುತ್ತದೆ. ರೆಗ್ಯುಲೇಟರ್ ಮಾತ್ರ ಸುಮ್ಮನೆ ಕುಳಿತು 5 ಮಿಲಿಆಂಪಿಯರ್ ತಿನ್ನುತ್ತದೆ. ಬೋರ್ಡಿನ ಕೆಂಪು ದೀಪದ ಖರ್ಚು ಬೇರೆ. ಸಾಲದ್ದಕ್ಕೆ ರೆಗ್ಯುಲೇಟರ್ ಸುಮಾರು 1 ವೋಲ್ಟ್ ನುಂಗುತ್ತದೆ. ಬ್ಯಾಟರಿ 3.7ಕ್ಕೆ ಇಳಿದರೆ ಚಿಪ್ಪಿಗೆ ಸಿಗುವುದು 2.7, ಅದಕ್ಕೆ ಬೇಕಿರುವುದು ಕನಿಷ್ಠ 3. ಅಂದರೆ ನಿಮ್ಮ ಬ್ಯಾಟರಿ ಬರಿದಾಗಿಲ್ಲ, ಮೀಟರ್ ಹಿಡಿದು ನೋಡಿ. ಕಡಿಮೆ ವೋಲ್ಟ್ ನುಂಗುವ ರೆಗ್ಯುಲೇಟರನ್ನು ಹೊರಗೆ ಕಟ್ಟಿ, ನೇರವಾಗಿ 3.3 ಪಿನ್ನಿಗೆ ಕೊಡಿ. ಸೆನ್ಸರಿನ ವಿದ್ಯುತ್ತನ್ನೂ ಒಂದು ಪಿನ್ನಿನಿಂದಲೇ ಕೊಟ್ಟರೆ ಬೋರ್ಡ್ ಮಲಗಿದಾಗ ಅದೂ ಮಲಗುತ್ತದೆ.

ತಾರಸಿತೋಟ:
34ಕ್ಕೆ ಸರಿಸಿದೆ. ವೈಫೈ ಇದ್ದೂ ಒಣ ಮಣ್ಣಿಗೆ 2,850, ಒಂದು ಚೊಂಬು ನೀರು ಹೊಯ್ದ ಮೇಲೆ 1,400. ಸತ್ತಿತೆಂದುಕೊಂಡಿದ್ದ ಬ್ಯಾಟರಿಯಲ್ಲಿ ಇನ್ನೂ 3.8 ವೋಲ್ಟ್ ಇತ್ತು! ಕೆಂಪು ದೀಪವನ್ನು ಬೆಸುಗೆ ಕರಗಿಸಿ ಕಿತ್ತೆ. ಪಕ್ಕದ ರೆಸಿಸ್ಟರ್ ಕೂಡ ಅದರ ಜೊತೆಗೇ ಎದ್ದು ಬಂತು. ಬೋರ್ಡ್ ಬದುಕಿದೆ. ರೆಗ್ಯುಲೇಟರಿಗೆ ಶನಿವಾರ ಮತ್ತೆ ಎಸ್.ಪಿ. ರಸ್ತೆ.