ಹೃದಯ ಇಲ್ಲದ ಮರ ನೀರು ಹೇಗೆ ಹತ್ತಿಸುತ್ತದೆ?

ಪ್ರಶ್ನೆ: ನಮಗೆ ರಕ್ತ ಓಡಿಸಲು ಹೃದಯ ಇದೆ, ನಿಮಿಷಕ್ಕೆ ಸುಮಾರು 72 ಸಲ ಬಡಿಯುತ್ತದೆ. ಮರಕ್ಕೆ ಅಂಥದ್ದೇನೂ ಇಲ್ಲ ಅಲ್ವಾ? ಮತ್ತೆ 100 ಮೀಟರ್ ಎತ್ತರಕ್ಕೆ ನೀರು ಹೇಗೆ ಹೋಗುತ್ತದೆ? ಬೇರು ತಳ್ಳುತ್ತದೆ ಅಂತ ಬರೆದೆ, ಅರ್ಧ ಅಂಕ ಸಿಕ್ಕಿತು.

ಉತ್ತರ 1: ಅರ್ಧ ಕೊಟ್ಟಿದ್ದು ಸರಿಯೇ. ಬೇರಿನ ಒತ್ತಡ ಇದೆ, ಆದರೆ ಅಷ್ಟು ಎತ್ತರಕ್ಕೆ ಸಾಲದು. ಜಾಸ್ತಿ ಕೆಲಸ ಎಲೆಯದ್ದು. ಪತ್ರರಂಧ್ರಗಳಿಂದ, ಅಂದರೆ ಎಲೆಯ ಸಣ್ಣ ತೂತುಗಳಿಂದ, ನೀರು ಆವಿಯಾಗಿ ಹೋದಂತೆಲ್ಲ, ನೀರು ಸಾಗಿಸುವ ಕ್ಸೈಲಂ ಎಂಬ ಕೊಳವೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ನೀರಿನ ಅಣುಗಳು ಸರಪಳಿ ಎಳೆದ ಹಾಗೆ ಮೇಲಕ್ಕೆ ಬರುತ್ತವೆ.

ಉತ್ತರ 2: ಬಿಳಿ ಹೂವಿನ ದಂಟು ಕತ್ತರಿಸಿ ನೀಲಿ ಬಣ್ಣದ ನೀರಲ್ಲಿ ಇಟ್ಟು ನೋಡಿ. ಬೇರು ಇರುವುದೇ ಇಲ್ಲ, ಆದರೂ ದಳದ ಸಣ್ಣ ನರಗಳು ನೀಲಿಯಾಗುತ್ತವೆ.

ಪ್ರಶ್ನೆ ಕೇಳಿದವರು: ಎಲೆ ತಯಾರಿಸುವ ಸಕ್ಕರೆ ಹೋಗುವುದೂ ಇದೇ ಕೊಳವೆಯಲ್ಲೇನಾ?

ಉತ್ತರ 1: ಇಲ್ಲ, ಅದಕ್ಕೆ ಫ್ಲೋಯಂ ಎಂಬ ಬೇರೆ ಕೊಳವೆ ಇದೆ. ಅಲ್ಲಿ ಮೇಲೂ ಹೋಗಬಹುದು, ಕೆಳಗೂ ಹೋಗಬಹುದು.