ಆಸ್ಪತ್ರೆಯ ರಾತ್ರಿ ಪಾಳಿ ವಿಷಯ: ಶನಿವಾರ ಹೋಗಿ ಮಾತಾಡೋಣವಾ?

ಮನೆ 14:
ಎಲ್ಲರಿಗೂ ನಮಸ್ಕಾರ. ನಮ್ಮತ್ತೆ ಹೋದ ವಾರ ಇಲ್ಲಿನ ಆಸ್ಪತ್ರೆಯಲ್ಲಿ ಐದು ದಿನ ಇದ್ದರು. ಈಗ ಮನೆಗೆ ಬಂದಿದ್ದಾರೆ, ಪರವಾಗಿಲ್ಲ. ಆದರೆ ಎರಡನೇ ರಾತ್ರಿ ಆಗಿದ್ದನ್ನು ಹೇಳಲೇಬೇಕು. ಒಂದೂವರೆಗೆ ಅವರ ಉಸಿರು ಜೋರಾಯಿತು. ನನ್ನನ್ನೇ "ನೀನ್ಯಾರು" ಅಂತ ಕೇಳಿದರು. ಓಡಿ ಹೋಗಿ ನರ್ಸ್‌ಗೆ ಹೇಳಿದೆ. "ಜ್ವರ 101 ಇದೆ ಅಲ್ವಾ, ಹಾಗೆ ಆಗುತ್ತೆ. ಬೆಳಿಗ್ಗೆ ಡಾಕ್ಟರ್ ನೋಡುತ್ತಾರೆ" ಎಂದರು. ಅರ್ಧ ಗಂಟೆ ಬಿಟ್ಟು ಮತ್ತೆ ಹೋದೆ. ಅದೇ ಉತ್ತರ. ಮೂರನೇ ಸಲ ಹೋಗಲು ಸಂಕೋಚ ಆಯಿತು, ಸುಮ್ನೆ ಕೂತುಬಿಟ್ಟೆ. ಐದು ಗಂಟೆಗೆ ಇನ್ನೊಬ್ಬ ನರ್ಸ್ ಬಂದು ನೋಡಿದವರೇ ಡಾಕ್ಟರನ್ನು ಎಬ್ಬಿಸಿದರು. ಸೋಂಕು ರಕ್ತಕ್ಕೆ ಹೋಗಿತ್ತು. ಬೇರೆ ಯಾರಿಗಾದರೂ ಹೀಗೆ ಆಗಿದೆಯಾ?

ಮನೆ 31:
ಆಗಿದೆ ಮೇಡಂ. ನಮ್ಮಪ್ಪನ ಬೆನ್ನು ಹುಣ್ಣಾಗಿದ್ದು ಅಲ್ಲೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಡಾಕ್ಟರ್ ಹೇಳಿದ್ದರು. ಪಾಳಿ ಬದಲಾದ ಮೇಲೆ ಬಂದವರಿಗೆ ಅದು ಗೊತ್ತೇ ಇಲ್ಲ. "ಹಿಂದಿನವರು ಹೇಳಲಿಲ್ಲ" ಎಂದರು, ಅಷ್ಟೇ.

ಮನೆ 9:
ಆ ನರ್ಸ್ ಹೆಸರು ಹಾಕಿ ದೂರು ಕೊಡೋಣ. ಎಲ್ಲರೂ ಸಹಿ ಹಾಕೋಣ. ಒಬ್ಬರಿಗೆ ಬಿಸಿ ಮುಟ್ಟಿದರೆ ಉಳಿದವರು ಸರಿಹೋಗುತ್ತಾರೆ.

ಮನೆ 22:
ಸ್ವಲ್ಪ ತಡೆಯಿರಿ ಸರ್. ನಾನೂ ರಿಟೈರ್ ಆಗುವವರೆಗೆ ನರ್ಸೇ. ಆ ರಾತ್ರಿ ವಾರ್ಡಿನಲ್ಲಿ ಎಷ್ಟು ರೋಗಿಗಳಿದ್ದರು, ಎಷ್ಟು ನರ್ಸ್ ಇದ್ದರು?

ಮನೆ 14:
ರೋಗಿಗಳು ಹತ್ತೊಂಬತ್ತು. ನರ್ಸ್ ಒಬ್ಬರೇ. ಐದಕ್ಕೆ ಬಂದವರು ಪಕ್ಕದ ವಾರ್ಡಿನವರಂತೆ.

ಮನೆ 22:
ನೋಡಿ, ಅಲ್ಲೇ ಇರುವುದು ವಿಷಯ. 2002ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಅವರ ತಂಡ ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಲೆಕ್ಕ ತೆಗೆದಿತ್ತು. ಅಲ್ಲಿ ಆಪರೇಷನ್ ಆದವರ ವಾರ್ಡುಗಳಲ್ಲಿ ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, 30 ದಿನದೊಳಗೆ ಸಾಯುವ ಸಾಧ್ಯತೆ ಶೇಕಡಾ 7ರಷ್ಟು ಜಾಸ್ತಿ ಇತ್ತು. ಹತ್ತೊಂಬತ್ತು ಜನರನ್ನು ಒಬ್ಬಳ ಕೈಗೆ ಕೊಟ್ಟು ಅವಳ ಮೇಲೇ ದೂರು ಬರೆದರೆ, ಅವಳು ಹೋಗುತ್ತಾಳೆ, ಇನ್ನೊಬ್ಬಳು ಬರುತ್ತಾಳೆ, ರೋಗಿಗಳು ಹತ್ತೊಂಬತ್ತೇ ಇರುತ್ತಾರೆ.

ಹಾಗಂತ ಅವಳು ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಉಸಿರು ಎಣಿಸಬೇಕಿತ್ತು. ವಾರ್ಡುಗಳಲ್ಲಿ ಜಾಸ್ತಿ ತಪ್ಪಿಹೋಗುವುದು ಇದೇ. ಬಿಪಿ, ಜ್ವರಕ್ಕೆ ಯಂತ್ರ ಇದೆ. ಉಸಿರಿಗೆ ಗಡಿಯಾರ ಹಿಡಿದು ಒಂದು ನಿಮಿಷ ನಿಲ್ಲಬೇಕು. ಎಷ್ಟೋ ಚಾರ್ಟುಗಳಲ್ಲಿ ಎಣಿಸದೆಯೇ 18, 20 ಅಂತ ಬರೆದಿರುತ್ತಾರೆ. ನಾನೂ ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ರೋಗಿ ಹದಗೆಡುತ್ತಿರುವುದನ್ನು ಬೇಗ ಗುರುತಿಸಲು ಬ್ರಿಟನ್ನಿನ ವೈದ್ಯರ ಸಂಸ್ಥೆಯೊಂದು 2012ರಲ್ಲಿ ಅಂಕದ ಪಟ್ಟಿ ಮಾಡಿತು, 2017ರಲ್ಲಿ ತಿದ್ದಿತು. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಉಸಿರು ನಿಮಿಷಕ್ಕೆ 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ 3 ಅಂಕ. ಹೊಸದಾಗಿ ಗೊಂದಲ ಶುರುವಾದರೆ 3. 101 ಜ್ವರಕ್ಕೆ 1. ನಾಡಿ, ಬಿಪಿ, ಆಮ್ಲಜನಕಕ್ಕೂ ಹೀಗೇ ಅಂಕ ಇದೆ. ಒಟ್ಟು 5 ಆದರೆ ಡಾಕ್ಟರ್ ಬೇಗ ಬಂದು ನೋಡಬೇಕು. 7 ಆದರೆ ತುರ್ತು. ನಿಮ್ಮತ್ತೆಯ ಉಸಿರು 25 ಮುಟ್ಟಿದ್ದರೆ ಒಂದೂವರೆಗೇ 7 ಆಗಿತ್ತು ಮಗಳೇ. ಇದಕ್ಕೆ ಬೇಕಾದ ಖರ್ಚು ಒಂದು ಹಾಳೆ ಕಾಗದ.

ಮನೆ 14:
ಓದಿ ಕೈ ನಡುಗಿತು ಆಂಟಿ. ನಾನು ಮೂರನೇ ಸಲ ಹೋಗಬೇಕಿತ್ತು.

ಮನೆ 22:
ಹೋಗಬೇಕಾದ ಜಾಗವೇ ಇರಲಿಲ್ಲ ನಿನಗೆ. ಅದನ್ನೇ ಕೇಳೋಣ. ಇಂಗ್ಲೆಂಡಿನಲ್ಲಿ ಮಾರ್ಥಾ ಮಿಲ್ಸ್ ಅಂತ 13 ವರ್ಷದ ಹುಡುಗಿ 2021ರಲ್ಲಿ ಇಂಥದ್ದೇ ಸೋಂಕಿನಿಂದ ತೀರಿಕೊಂಡಳು. ಅಪ್ಪ ಅಮ್ಮ ಹೇಳಿದ್ದನ್ನು ಯಾರೂ ಗಂಭೀರವಾಗಿ ತಗೊಳ್ಳಲಿಲ್ಲ. ಅವರು ಬಿಡದೆ ಹೋರಾಡಿದರು. 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಮನೆಯವರೇ ನೇರವಾಗಿ ಬೇರೊಂದು ತಂಡವನ್ನು ಕರೆಸುವ ನಿಯಮ ಶುರುವಾಗಿದೆ. ಅವಳ ಹೆಸರನ್ನೇ ಇಟ್ಟಿದ್ದಾರೆ.

ಮನೆ 9:
ನಮ್ಮದು ಸಣ್ಣ ಆಸ್ಪತ್ರೆ ಮೇಡಂ. ಬೇರೆ ತಂಡ ಎಲ್ಲಿಂದ ತರುತ್ತಾರೆ?

ಮನೆ 22:
ತಂಡ ಬೇಡ ಸರ್. ರಾತ್ರಿ ಡ್ಯೂಟಿ ಡಾಕ್ಟರ್ ನಂಬರ್ ವಾರ್ಡಿನ ಗೋಡೆ ಮೇಲೆ ಬರೆಯಲಿ. ಎರಡು ಸಲ ಹೇಳಿಯೂ ಯಾರೂ ಬರದಿದ್ದರೆ ಮನೆಯವರೇ ಫೋನ್ ಮಾಡಬಹುದು ಅಂತ ಕೆಳಗೆ ಒಂದು ಸಾಲು.

ಮನೆ 5:
ಹೋಗುವುದಾದರೆ ಗೇಟಿನ ಮುಂದೆ ಗಾಡಿ ನಿಲ್ಲಿಸುವ ವಿಷಯವನ್ನೂ ಸೇರಿಸಿ.

ಮನೆ 31:
ಅಣ್ಣಾ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳೋಣ. ಈ ಪತ್ರದಲ್ಲಿ ಪಾಳಿ ಬದಲಾವಣೆ ಇರಲಿ. ಹೋಗುವವರು, ಬರುವವರು ಇಬ್ಬರೂ ಹಾಸಿಗೆ ಹತ್ತಿರ ನಿಂತೇ ವಿಷಯ ಒಪ್ಪಿಸಲಿ. ಮನೆಯವರ ಕಿವಿಗೂ ಬೀಳುತ್ತೆ. ಏನಾದರೂ ಬಿಟ್ಟರೆ ನಾವೇ ನೆನಪಿಸುತ್ತೇವೆ.

ಮನೆ 9:
ಸರಿ, ದೂರು ಬೇಡ. ರಾತ್ರಿಗೆ ಇನ್ನೊಬ್ಬ ನರ್ಸ್, ಅಂಕದ ಹಾಳೆ, ಗೋಡೆ ಮೇಲೆ ನಂಬರ್, ಹಾಸಿಗೆ ಹತ್ತಿರ ಒಪ್ಪಿಸುವುದು. ನಾನು ಟೈಪ್ ಮಾಡುತ್ತೇನೆ. ನರ್ಸ್ ವಿಷಯಕ್ಕೆ ದುಡ್ಡಿಲ್ಲ ಅನ್ನುತ್ತಾರೆ, ಬರೆದಿಟ್ಟುಕೊಳ್ಳಿ.

ಮನೆ 22:
ಅನ್ನಲಿ. ಅದನ್ನೇ ಬರೆದು ಕೊಡಿ ಅಂತ ಕೇಳೋಣ. ಆಮೇಲೆ ಆ ಕಾಗದ ಇಟ್ಟುಕೊಂಡು ಆಡಳಿತ ಮಂಡಳಿಗೆ ಹೋಗಬಹುದು.

ಮನೆ 14:
ಶನಿವಾರ 11ಕ್ಕೆ ಗೇಟ್ ಹತ್ತಿರ ಸೇರೋಣ. ಸರ್, ಒಂದು ಸಾಲು ಮೇಲೆ ಸೇರಿಸುತ್ತೀರಾ? ಐದು ಗಂಟೆಗೆ ಬಂದ ನರ್ಸಿಗೆ ಥ್ಯಾಂಕ್ಸ್ ಹೇಳಬೇಕು.

ಮನೆ 9:
ಹಾಕಿದೆ. ಅವರ ಹೆಸರು ಕೇಳಿಕೊಂಡು ಬನ್ನಿ, ಜಾಗ ಖಾಲಿ ಬಿಟ್ಟಿದ್ದೇನೆ.